ಓನ್ಸಿ ಕೂಗಿದ ಮಾತು

ಓನ್ಸಿ ನಮ್ಮೂರಿಗೆ ಸೊಸೆಯಾಗಿ ಬಂದ ದಿನವೇ ಬಾಯಿಬಿಟ್ಟು ಕೆಟ್ಟಳು. ಖಮು ಜನರ ಹುಡುಗಿ, ಗುಡ್ಡದವಳು. ಕಂಬಗಳ ಮೇಲಿನ ಮನೆಯ ಏಣಿಯ ಕೆಳಗೆ ನಿಂತು, ಅತ್ತೆಗೆ ಕೈಮುಗಿದು, 'ನಾನು ಬಂದೆ' ಅನ್ನಲು ಹೋದಳು. ನಮ್ಮ ಲಾವೊ ಮಾತಿನಲ್ಲಿ 'ಮಾ' ಎಂದು ಮಟ್ಟಸವಾಗಿ ಅಂದರೆ ಬರುವುದು. ಅದನ್ನೇ ದನಿ ಎತ್ತಿ ಅಂದರೆ ನಾಯಿ. ಅವಳ ಭಾಷೆಗೆ ಈ ಏರಿಳಿತದ ಗೊಡವೆಯೇ ಇಲ್ಲ. ಹೆದರಿಕೆಗೆ ದನಿ ಏರಿತು. 'ನಾನು ನಾಯಿ' ಎಂದಂತಾಯಿತು. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಪಕ್ಕದ ಮನೆಯ ಖಂಪೆಂಗ್ ಅಲ್ಲೇ ನಾಮಕರಣ ಮಾಡಿಬಿಟ್ಟಳು: ನಾಯಿ ಓನ್ಸಿ. ಇಪ್ಪತ್ತೆರಡು ವರ್ಷ ಯಾರೂ ಅವಳನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ. ಎಂಥ ಬಾಯಿಗಳಪ್ಪಾ ನಮ್ಮ ಹೆಂಗಸರದು!

ಆದರೆ ಹೊಳೆಗಿಳಿದರೆ ಅವಳನ್ನು ಮೀರಿಸುವವರಿರಲಿಲ್ಲ. ಚಳಿಗಾಲದಲ್ಲಿ ನೀರಿಳಿದು ಬಂಡೆಗಳ ಮೇಲೆ ತಿನ್ನುವ ಪಾಚಿ ಉದ್ದುದ್ದ ಬೆಳೆದಾಗ ಉಳಿದವರು ಸಿಕ್ಕಿದ್ದನ್ನು ಸಿಕ್ಕ ಹಾಗೆ ಕಿತ್ತು ಬುಟ್ಟಿಗೆ ತುರುಕುತ್ತಿದ್ದರು. ಓನ್ಸಿ ಎಳೆ ಬಿಡಿಸಿ, ಮುಂಗೈಗೆ ಸುತ್ತಿ, ಹರಿವ ನೀರಿಗೆ ಬಡಿದು ಬಡಿದು ಮರಳು ಕಳೆದು, ಕೊನೆಗೆ ಒಂದೆಳೆ ಹಲ್ಲಿನಡಿ ಇಟ್ಟು ನೋಡುವಳು. ಕರಕ್ ಅಂದರೆ ಮತ್ತೆ ಬಡಿತ. ಎಳ್ಳು, ಬೆಳ್ಳುಳ್ಳಿ ಉದುರಿಸಿ ಅವಳು ಒಣಗಿಸಿದ ಪಾಚಿಹಾಳೆ ಪೇಟೆಯಲ್ಲಿ ಬೆಳಗಾಗುವಷ್ಟರಲ್ಲಿ ಖಾಲಿ. ಖಂಪೆಂಗ್‌ಳಿಗೆ ಮೈಯೆಲ್ಲ ಉರಿ.

"ನಾಯಿ ಎಂಜಲು ಮಾಡಿದ್ದನ್ನ ಪೇಟೆಯೋರು ಚಪ್ಪರಿಸ್ಕೊಂಡು ತಿಂತಾರಲ್ಲೇ!" ಎಂದು ಎಲ್ಲರ ಮುಂದೆ ಅಂದಳು. ಅಷ್ಟಕ್ಕೇ ಬಿಡದೆ ಊರ ಮುಂದಿನ ತಿಳಿ ಹರಿವಿನಿಂದ ಅವಳನ್ನು ಎಬ್ಬಿಸಿದಳು. ಓನ್ಸಿ ಬುಟ್ಟಿ ಹೊತ್ತು ಮೇಲಕ್ಕೆ, ಕಾಡಿನ ಅಂಚಿನ ಜಾರುಬಂಡೆಗಳಿಗೆ ಹೋದಳು. ಒಬ್ಬಳೇ.

ಇದನ್ನೆಲ್ಲ ಅವಳು ನುಂಗಿಕೊಂಡಾಳು. ನುಂಗಲಾಗದ್ದು ಒಂದೇ: ಮಗಳು ನಾಲಿ. ಇಲ್ಲೇ ಹುಟ್ಟಿದವಳು, ಹದಿನೆಂಟರ ಪ್ರಾಯ, ಮಾತು ಮುತ್ತಿನಂಥದು. ಅವಳು ಪಾಚಿ ಕೀಳುತ್ತಿದ್ದುದು ಖಂಪೆಂಗ್‌ಳ ಗುಂಪಿನಲ್ಲಿ, ಅವಳ ಮಗಳು ಬುವಾಲಾಯ್‌ಳ ಪಕ್ಕದಲ್ಲಿ. "ಅಮ್ಮಾ, ಎಲ್ಲರೆದುರು ನನ್ನ ಕೂಗಬೇಡ, ಕೈ ಮಾಡು ಸಾಕು," ಎಂದು ತಾಯಿಗೆ ತಾಕೀತು ಮಾಡಿದ್ದಳು. ಓನ್ಸಿ ಹಾಗೇ ನಡೆದುಕೊಂಡಳು.

ನಡುಬೇಸಗೆಯಲ್ಲಿ ಬರುವ ನಮ್ಮ ಹೊಸವರ್ಷಕ್ಕೆ ಇನ್ನೊಂದು ತಿಂಗಳಿತ್ತು. ಅವತ್ತು ಊರಲ್ಲಿ ಸುಡುಬಿಸಿಲು, ದೂರದ ಗುಡ್ಡದ ಮೇಲೆ ಮಾತ್ರ ಕಪ್ಪು ಮೋಡ. ಓನ್ಸಿಯ ಮೊಣಕಾಲ ಸುತ್ತ ಇದ್ದ ಮೀನುಮರಿಗಳು ಒಮ್ಮೆಲೇ ದಡಕ್ಕೆ ನುಗ್ಗಿದವು. ಹಿಂದೆಯೇ ಒಣ ಬಿದಿರೆಲೆ, ನೊರೆ. ಮೇಲೆ ಮಳೆ ಸುರಿದಿದೆ ಎಂದು ತಿಳಿಯಲು ಗುಡ್ಡದವಳಿಗೆ ಇನ್ನೇನು ಬೇಕು? ಕೆಳಗೆ ನಡುಹೊಳೆಯಲ್ಲಿ ನಾಲಿಯೂ ಸೇರಿ ಆರು ಹೆಂಗಸರು. ಕೈ ಬೀಸಿದಳು, ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಕಿರುಚಿದಳು: "ನಾಮ್ ಮಾ!"

ನಾಮ್ ಎಂದರೆ ನೀರು. ನೀರು ಬಂತು ಎಂದು ಅವಳು ಕೂಗಿದ್ದು. ಆದರೆ ಕಿರುಚುವವರ ದನಿ ಏರದೆ ಇರುತ್ತದೆಯೇ? 'ನೀರು, ನಾಯಿ' ಎಂದಾಯಿತು.

"ಎಲ್ಲೇ ನಾಯಿ? ನೀನೇ ಅಲ್ವೇನೇ?" ಎಂದಳು ಖಂಪೆಂಗ್. ಬುವಾಲಾಯ್ ಬೌ ಬೌ ಎಂದು ಬೊಗಳಿದಳು. ನಾಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಓನ್ಸಿ ಮತ್ತೆ ಮತ್ತೆ ಕೂಗುತ್ತ, ಬೀಳುತ್ತ ಏಳುತ್ತ ಓಡಿ ಬಂದು, ಮಗಳ ಕೂದಲಿಗೇ ಕೈಹಾಕಿ ದಡಕ್ಕೆ ಎಳೆದು ಹಾಕಿದಳು. ಬುವಾಲಾಯ್‌ಳಿಗಾಗಿ ತಿರುಗುವಷ್ಟರಲ್ಲಿ ಆಳೆತ್ತರದ ಕೆಂಪು ನೀರು. ನಾಲ್ವರು ಬೇರು ಹಿಡಿದು ಹತ್ತಿಕೊಂಡರು. ಬುವಾಲಾಯ್ ಹತ್ತಲಿಲ್ಲ. ಎರಡು ದಿನ ಬಿಟ್ಟು ಕೆಳಗಿನ ಬಿದಿರುಮೆಳೆಯಲ್ಲಿ ಸಿಕ್ಕಳು.

ದಹನ ಮುಗಿದ ಮೇಲೆ ಗುಡಿಯ ಚಾವಡಿಯಲ್ಲಿ ಊರು ಸೇರಿತು. ಖಂಪೆಂಗ್ ಎದೆ ಎದೆ ಬಡಿದುಕೊಂಡಳು. "ತನ್ನ ಮಗಳನ್ನ ಎಳ್ಕೊಂಡ್ಲು. ನನ್ನ ಕೂಸಿಗೆ ನಾಯಿ ಅಂತ ಬೈದು ಸಾಯೋಕೆ ಬಿಟ್ಲು! ಇವಳನ್ನ ಊರಿಂದಾಚೆ ಹಾಕಿ. ಇಲ್ದಿದ್ರೆ ನಾನು ತುತ್ತು ಅನ್ನ ಮುಟ್ಟಲ್ಲ."

ಉಳಿದ ಮೂವರು ಹೆಂಗಸರೂ ನಾಯಿ ಅಂದದ್ದೇ ನಿಜ ಎಂದರು. ಅವರು ಕೇಳಿಸಿಕೊಂಡದ್ದು ಅದೇ ತಾನೆ! ಊರ ಮುಖ್ಯಸ್ಥ ಓನ್ಸಿಯ ಕಡೆ ತಿರುಗಿದ. "ನೋಡಮ್ಮಾ, ಬೈದದ್ದು ನಿಜವಾದ್ರೆ ನೀನು ಊರು ಬಿಡಬೇಕು. ಏನಂತ ಕೂಗ್ದೆ, ಇಲ್ಲೇ ಒಂದ್ಸಲ ಹೇಳು."

ಓನ್ಸಿ ದನಿ ತಗ್ಗಿಸಿ ಶುರುಮಾಡಿದಳು. ಹಾಳು ನಾಲಿಗೆ! ಕೊನೆಗೆ ದನಿ ಏರಿಯೇಬಿಟ್ಟಿತು. ಸಾವಿನ ಮನೆಯವರು ಇದ್ದಾರೆಂದೂ ನೋಡದೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಗಂಡ ಚಾಪೆ ನೋಡುತ್ತ ಕೂತಿದ್ದ.

ಆಗ ನಾಲಿ ಎದ್ದು ನಿಂತಳು. "ಅಮ್ಮ ನೀರು ಬಂತು ಅಂದ್ಲು."

"ನಿನಗೆ ಹೇಗೆ ಗೊತ್ತು?" ಎಂದ ಮುಖ್ಯಸ್ಥ.

"ಹುಟ್ಟಿದಾಗಿಂದ ಅವಳ ಮಾತು ಕೇಳಿದೀನಿ. ಕೂಗಿದ ತಕ್ಷಣ ನಂಗೆ ಅರ್ಥ ಆಯ್ತು."

ಖಂಪೆಂಗ್‌ಳ ಅಳು ನಿಂತಿತು. "ಅರ್ಥ ಆಗಿ?"

"ಎಲ್ರೂ ನಗ್ತಿದ್ರಲ್ಲ ಅತ್ತೆ. ಬುವಾಲಾಯ್ ಬೊಗಳ್ತಿದ್ಲು. ನಾನೂ... ನಕ್ಕೆ."

ಖಂಪೆಂಗ್ ಕೈಯೂರಿ ಮೇಲೆದ್ದಳು. ಅವಳ ಕಣ್ಣು ಈಗ ಓನ್ಸಿಯ ಮೇಲಲ್ಲ, ನಾಲಿಯ ಮೇಲಿತ್ತು. ಆ ನೋಟ ಎಂಥದು, ಎಷ್ಟು ವರ್ಷ ಬೆನ್ನು ಬಿಡುವುದಿಲ್ಲ ಎಂಬುದು ಊರಿನಲ್ಲಿ ಓನ್ಸಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಓನ್ಸಿ ಒಂದೇ ನೆಗೆತಕ್ಕೆ ಮಗಳ ಮುಂದೆ ಬಂದು ಅಡ್ಡ ನಿಂತಳು.

"ಸುಳ್ಳು! ನನ್ನ ಉಳ್ಸೋಕೆ ಸುಳ್ಳು ಹೇಳ್ತಿದಾಳೆ ಮುಂಡೇದು! ನಾಯಿ ಅಂತಲೇ ನಾನು ಕೂಗಿದ್ದು. ನಿಮ್ಮೆಲ್ರಿಗೂ ಸೇರ್ಸಿ ಬೈದದ್ದು!"

"ಕೇಳಿದ್ರಾ?" ಎಂದಳು ಖಂಪೆಂಗ್, ಸಭೆಗೆ ತಿರುಗಿ.

ಎಲ್ಲರೂ ಕೇಳಿಸಿಕೊಂಡಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಊರಿನವರು ಅವಳು ಹೇಳಿದ್ದನ್ನು ಹೇಳಿದ ಹಾಗೇ ನಂಬಿದ್ದು ಅದೊಂದು ಸಲ. ಮರುದಿನ ಬೆಳಿಗ್ಗೆ ಅವಳು ಗುಡ್ಡದ ದಾರಿ ಹಿಡಿದಳು.