ಭಾವನ ಟರ್ನ್‌ಟೇಬಲ್ಲಿಗೆ ವೈರು ಎಳೆದದ್ದು

ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವನ ಕೈಗೆ ಆಟದ ರೈಲು ಕೊಡಬಾರದು. ಆ ಕೈ ನನ್ನದೇ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ನನ್ನ ಅಂಗಡಿ ಶಿಕಾರಿಪುರದಲ್ಲಿ, ಅಕ್ಕನ ಮನೆ ಸೊರಬದಲ್ಲಿ. ಭಾವ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರಾಗಿದ್ದವರು. ನಿವೃತ್ತರಾಗಿ ರೈಲೇ ಇಲ್ಲದ ಸೊರಬಕ್ಕೆ ಬಂದ ಮೇಲೆ, ಪಡಸಾಲೆಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ತಮ್ಮದೇ ಒಂದು ಪುಟ್ಟ ರೈಲು ಮಾಡಿಕೊಂಡರು. ಕೊನೆಗೆ ಮಾಡಿದ್ದು ಟರ್ನ್‌ಟೇಬಲ್. ದುಂಡನೆಯ ಗುಂಡಿಯೊಳಗೆ ತಿರುಗುವ ಸೇತುವೆ. ಎಂಜಿನ್ನು ಅದರ ಮೇಲೆ ಬಂದು ನಿಂತರೆ, ಹಿಡಿಕೆ ತಿರುವಿ ಅದರ ಮುಖವನ್ನು ಬಂದ ದಾರಿಗೇ ತಿರುಗಿಸಬಹುದು. ಅದಕ್ಕೆ ವೈರು ಎಳೆಯುವ ಮೊದಲೇ ಲಕ್ವ ಹೊಡೆದು ಅವರ ಬಲಗೈ ಸ್ವಾಧೀನ ತಪ್ಪಿತು.

"ಅದೊಂದು ನೀನೇ ಮಾಡಿಕೊಡು ಮಾರಾಯ" ಎಂದು ಫೋನು ಮಾಡಿದರು.

"ಅರ್ಧ ತಾಸಿನ ಕೆಲಸ ಬಿಡ್ರಿ ಭಾವ" ಎಂದೆ. ಹತ್ತು ಎಚ್‌ಪಿ ಮೋಟಾರು ಬಿಚ್ಚುವವನಿಗೆ ಇದೇನು ಮಹಾ!

ಅಂಗಡಿ ಮುಚ್ಚಿ ಸೊರಬಕ್ಕೆ ಹೋಗಿ, ಸೇತುವೆಯ ಎರಡು ಹಳಿಗೆ ಎರಡು ವೈರು ಬೆಸೆದೆ. ಎಂಜಿನ್ನು ಸೇತುವೆಗೆ ಬಂತು. ಅರ್ಧ ಸುತ್ತು ತಿರುವಿ ಆಚೆ ಬಿಟ್ಟರೆ, ಅಂಚಿನಲ್ಲೇ ಚಟ್ಟನೆ ಕಿಡಿ ಹಾರಿ ನಿಂತಿತು. ಸೇತುವೆ ತಿರುಗಿದಾಗ ಅದರ ಎಡಹಳಿ ಬಲಕ್ಕೆ ಬಂದಿತ್ತು. ಪ್ಲಸ್ಸಿನ ಎದುರು ಮೈನಸ್ಸು ಕೂತಿತ್ತು; ಗಾಲಿ ಎರಡನ್ನೂ ಮುಟ್ಟಿದ ಕೂಡಲೇ ಶಾರ್ಟ್.

ನಮ್ಮ ಕಡೆ ಮೋಟಾರು ಉಲ್ಟಾ ತಿರುಗಿ ನೀರು ಏರದಿದ್ದರೆ ಎರಡು ವೈರು ಅದಲು ಬದಲು ಮಾಡುತ್ತೇವೆ. ನನ್ನ ತಲೆ ಅಲ್ಲಿಗೇ ಓಡಿತು. ಹಿಡಿ ಎಳೆದರೆ ವೈರು ಅದಲು ಬದಲಾಗುವ ಪಂಪಿನ ಚೇಂಜ್‌ಓವರ್ ಸ್ವಿಚ್ಚು ಚೀಲದಲ್ಲಿತ್ತು, ಅದನ್ನೇ ಹಲಗೆಗೆ ಜಡಿದೆ. ಇಡೀ ಸ್ಟೇಷನ್ನಿಗಿಂತ ಅದೇ ದೊಡ್ಡದಾಗಿತ್ತು. ಅದನ್ನು ಎಳೆದರೆ ಹಲಗೆಯೇ ಅಲುಗಿ ಎಂಜಿನ್ನು ಹಳಿ ತಪ್ಪುತ್ತಿತ್ತು. ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದರಲ್ಲಿ ಎಳೆಯಬೇಕು. ಭಾವನಿಗಿದ್ದದ್ದು ಒಂದೇ ಕೈ.

"ಅಕ್ಕನ್ನ ಕರೀರಿ, ಎಳೀತಾಳ" ಎಂದೆ.

ಭಾವ ಹಳಿ ತಪ್ಪಿದ ಎಂಜಿನ್ನನ್ನು ಎಡಗೈಯಲ್ಲಿ ಎತ್ತಿ ಹಳಿಗೆ ಕೂರಿಸಿದರು. ಆಮೇಲೆ, "ಅಂಗಿ ಗುಂಡಿಗೆ ಅವಳನ್ನ ಕರೀಬೇಕು, ಅನ್ನ ಕಲಸೋಕೆ ಕರೀಬೇಕು, ಬಚ್ಚಲಿಗೆ ಕರೀಬೇಕು. ಇದೊಂದಕ್ಕೂ ಕರೀಬೇಕನಾ?" ಎಂದರು.

"ಸಣ್ಣ ಸ್ವಿಚ್ಚು ಹಾಕಿಕೊಡ್ತೀನಿ ತಗಳ್ರಿ."

"ಯಾವ ಕಡೆ ಒತ್ತಿದ್ದೆ ಅಂತ ಈಗ ನೆನಪು ನಿಲ್ಲೋದಿಲ್ಲ. ಆಗ್ಲೂ ಅವಳನ್ನೇ ಕರೀಬೇಕು."

ನನಗೆ ಸಿಟ್ಟು ಬಂತು. ಅಂಗಡಿ ಮುಚ್ಚಿ ಬಂದವನಿಗೆ ಇದಾ ಮಾತು ಅನ್ನಿಸಿ, ಅಕ್ಕ ಇಟ್ಟ ಚಹಾ ಕುಡಿಯದೆ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಸಿಟ್ಟು ಇಳಿದಿತ್ತು. ಉಳಿದದ್ದು ನಾಚಿಕೆ. ಅವರು ಕೇಳಿದ್ದು ಸ್ವಿಚ್ಚನ್ನಲ್ಲ.

ಎರಡು ದಿನ ಬಿಟ್ಟು ಈಸೂರಿನ ಹೆಂಗಸೊಬ್ಬರು ಕಿಡಿ ಹಾರುವ ಮಿಕ್ಸಿ ತಂದರು. ಬಿಚ್ಚಿ ನೋಡುತ್ತಾ ಕೂತೆ. ಒಳಗೆ ತಿರುಗುವ ತುದಿಗೆ ಸೀಳುಸೀಳಾದ ತಾಮ್ರದ ಬಳೆ, ಅದನ್ನು ಎರಡೂ ಕಡೆ ಸವರುತ್ತಾ ಎರಡು ಕಾರ್ಬನ್ನು. ತಿರುಗುತ್ತಾ ತಿರುಗುತ್ತಾ ಕರೆಂಟಿನ ದಿಕ್ಕನ್ನು ಅದೇ ಬದಲಿಸಿಕೊಳ್ಳುತ್ತದೆ, ಯಾರನ್ನೂ ಕರೆಯುವುದಿಲ್ಲ. ಇಂಥವನ್ನು ಎಷ್ಟು ಬಿಚ್ಚಿದ್ದೆನೋ! ತಲೆ ತಲೆ ಚಚ್ಚಿಕೊಂಡೆ.

ತಾಮ್ರದ ಕೊಳವೆಯಿಂದ ಒಂದು ಬಳೆ ಕೊಯ್ದು, ಎರಡು ಹೋಳು ಮಾಡಿ, ಭಾನುವಾರ ಮತ್ತೆ ಹೋಗಿ, ಸೇತುವೆಯ ಕೆಳಗೆ ಅದರ ಜೊತೆಗೇ ತಿರುಗುವ ಕಡ್ಡಿಗೆ ಕೂರಿಸಿ, ಹೋಳಿಗೊಂದರಂತೆ ಹಳಿಯ ವೈರು ಬೆಸೆದೆ. ಮಿಕ್ಸಿಗೆ ಹಾಕುವಂಥ ಎರಡು ಕಾರ್ಬನ್ನುಗಳನ್ನು ಸ್ಪ್ರಿಂಗ್ ಸಮೇತ ಅದಕ್ಕೆ ತಾಗಿಸಿದೆ. ಪಂಪಿನ ಸ್ವಿಚ್ಚು ಕಿತ್ತು ಚೀಲಕ್ಕೆ ಹಾಕಿಕೊಂಡೆ.

ಭಾವ ಎಡಗೈಯಲ್ಲಿ ಹಿಡಿಕೆ ಹಿಡಿದರು. ಸೇತುವೆ ನಿಧಾನ ಸುತ್ತಿತು. ಎಂಜಿನ್ನು ಕಿಡಿಯಿಲ್ಲದೆ, ತಡವರಿಸದೆ ಬಂದ ದಾರಿಗೆ ಹೊರಟಿತು. ಇನ್ನೊಮ್ಮೆ ಕರೆತಂದರು, ಮತ್ತೊಮ್ಮೆ. ನನ್ನ ಕಣ್ಣು ತುಂಬಿತ್ತು, ಸುಳ್ಳೇಕೆ ಹೇಳಲಿ.

ಸದ್ದು ಕೇಳಿ ಅಕ್ಕ ರೂಢಿಯಂತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. "ಕರೆದ್ರಾ?"

"ಇಲ್ಲ ಮಾರಾಯ್ತಿ, ಕರೀಲಿಲ್ಲ" ಎಂದರು ಭಾವ, ಹಳಿಯಿಂದ ಕಣ್ಣು ತೆಗೆಯದೆ.

ಅಕ್ಕ ಸೆರಗು ಬಿಟ್ಟು ಒಳಗೆ ಹೋದಳು. ನಾನು ಬಸ್ಸಿಗೆ ಹೊರಟು, ಹೇಳಿ ಹೋಗೋಣವೆಂದು ಒಳಗೆ ಇಣುಕಿದರೆ, ಅವಳು ಚಾಪೆಯ ಮೇಲೆ ಕಾಲು ಚಾಚಿ ಗಾಢ ನಿದ್ದೆಯಲ್ಲಿದ್ದಳು. ಎಬ್ಬಿಸಲಿಲ್ಲ.