ಎಸ್ ಸಾರ್ ಒಪ್ಪದ ಮೇಷ್ಟ್ರು

ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ಜಗತ್ತಿನಲ್ಲಿ ಕಂಡರಾಗದ ಮಾತು ಒಂದೇ: ‘ಎಸ್ ಸಾರ್’. ಇಂಗ್ಲಿಷನ್ನು ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ಇಂಗ್ಲಿಷಿನಲ್ಲೇ ವಿಜ್ಞಾನ ಹೇಳಿಕೊಡುವ ಕೆಲಸ ಅವರದು. ಆ ಮಕ್ಕಳಿಗೆ ತಡವರಿಸದೆ ಬರುವ ಇಂಗ್ಲಿಷ್ ಎಂದರೆ ಇದಿಷ್ಟೇ. ಅರ್ಥವಾಯಿತೇ ಎಂದರೂ ಎಸ್ ಸಾರ್, ಅರ್ಥವಾಗಲಿಲ್ಲವೇ ಎಂದರೂ ಎಸ್ ಸಾರ್. “ಅದು ನಿನ್ ಜೇಬಲ್ಲೇ ಇರ್ಲಿ ಕಣಪ್ಪ, ಮಾಡಿ ತೋರ್ಸು” ಎನ್ನುತ್ತಾರೆ ಮೇಷ್ಟ್ರು. ಹೀಗಾಗಿ ಅವರ ತರಗತಿಯಲ್ಲಿ ಯಾವನೋ ಒಬ್ಬ ಕುದಿಯುವ ನೀರಾಗಿ ಬೆಂಚಿನ ಮೇಲೆ ಕುಣಿಯುತ್ತಿರುತ್ತಾನೆ, ಭೂಮಿಯಾದ ಹುಡುಗಿ ಸುತ್ತಿ ಸುತ್ತಿ ತಲೆತಿರುಗಿ ಸೂರ್ಯನ ಕಾಲ ಬಳಿಯೇ ಕೂತುಬಿಟ್ಟಿರುತ್ತಾಳೆ. ಪಕ್ಕದ ಕೋಣೆಯ ಗಣಿತದ ಟೀಚರ್ ಗೋಡೆ ಬಡಿದು, “ಪಾಠ ಯಾವಾಗ ಶುರು ಮಾಡ್ತೀರಾ ಸಾರ್?” ಎಂದು ಕೇಳುತ್ತಾರೆ. ಆಸಿಡ್ ಬಾಟಲಿ ಹೊರಬಂದ ದಿನವಂತೂ ಮುಗಿದೇಹೋಯಿತು. ನಲವತ್ತು ಮಕ್ಕಳೂ ಒಬ್ಬೊಬ್ಬರಾಗಿ ಬಂದು, ಅದರ ಮೇಲಿನ ಎಚ್ಚರಿಕೆ ಓದಿ, ಕೈ ಹಿಂದಕ್ಕೆ ಕಟ್ಟಿಕೊಂಡು ಎರಡು ಹೆಜ್ಜೆ ಸರಿದು ತೋರಿಸಬೇಕು. ಅಷ್ಟರಲ್ಲಿ ಗಂಟೆ ಹೊಡೆದು, ಬಾಟಲಿ ಮುಚ್ಚಳ ತೆರೆಯದೆಯೇ ಬೀರು ಸೇರುತ್ತದೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಸುಟ್ಟು ಒಂದಕ್ಕೊಂದು ಅಂಟಿಕೊಂಡಿರುವ ಅವರ ಎಡಗೈಯ ಎರಡು ಬೆರಳುಗಳನ್ನು ನೋಡಿ, ಏನಾಯಿತೆಂದು ಕೇಳಿಯೇಬಿಟ್ಟಳು. ಮೇಷ್ಟ್ರು ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುತ್ತಾ ಹೇಳಿದರು: “ಬಾಟ್ಲಿ ಮುಟ್ಬೇಡ ಅಂತ ನಮ್ ಮೇಷ್ಟ್ರು ಇಂಗ್ಲಿಷ್‌ನಲ್ಲಿ ಚೆನ್ನಾಗೇ ಹೇಳಿದ್ರಮ್ಮ. ನಾನೂ ಎಸ್ ಸಾರ್ ಅಂದಿದ್ದೆ.”