ಕಾಕಾ ಕೇಳಿಸಿಕೊಂಡ ಸದ್ದು

ಮೊನ್ನೆ ಸೇಡಂನ ನಮ್ಮ ಮನೆಯಲ್ಲಿ ಅಡುಗೆಮನೆಗೆ ನೆಲ ಹಾಕಿಸುತ್ತಿದ್ದೆವು. ಶಹಾಬಾದ್ ಕಲ್ಲಿನ ಮೇಲೆ ಮೇಸ್ತ್ರಿ ನೀರು ಚೆಲ್ಲಿದ. ಹಸಿ ಕಲ್ಲಿನ ಆ ತಂಪು ವಾಸನೆ ಬಂದದ್ದೇ ತಡ, ಕಾಕಾ ನೆನಪಾದರು... ಕಣ್ಣು ಮುಚ್ಚಿ ಮಲಗಿರುತ್ತಿದ್ದ ಕಾಕಾ.

ಅವರು ಶಹಾಬಾದಿನ ಗಣಿಯಲ್ಲಿ ಕಲ್ಲು ಆರಿಸುವವರು. ಸುತ್ತಿಗೆಯಿಂದ ಒಮ್ಮೆ ತಟ್ಟಿ, ಸದ್ದು ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಅಲ್ಲೇ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ನಾನಾಗ ಅವರು ದಾಖಲಾದ ಹೈದರಾಬಾದಿನ ಆಸ್ಪತ್ರೆಯಲ್ಲಿ ಟೆಕ್ನಿಶಿಯನ್; ನೆಂಟರಲ್ಲದಿದ್ದರೂ ವಯಸ್ಸು ನೋಡಿ ಕಾಕಾ ಎನ್ನುತ್ತಿದ್ದೆ. ಪೆಟ್ಟಾದ ಜಾಗದ ಕೆಳಗೆ, ಬೆನ್ನುಹುರಿಯ ಮೇಲೆ, ಡಾಕ್ಟರು ಕೂದಲೆಳೆಯಂಥ ಎಲೆಕ್ಟ್ರೋಡುಗಳನ್ನು ಕೂರಿಸಿದ್ದರು. ಮಿದುಳಿನ ಮಾತು ಅಲ್ಲಿಗೆ ತಲುಪುತ್ತದೆಯೇ ಎಂದು ದಾಖಲಿಸುವುದು ನನ್ನ ಕೆಲಸ. ಎರಡು ವಾರದೊಳಗೆ ಸಂಕೇತ ಸಿಕ್ಕರೆ ಮುಂದಿನ ಚಿಕಿತ್ಸೆ. ಇಲ್ಲವಾದರೆ ತಂತಿ ತೆಗೆದು ಮನೆಗೆ.

ನರದ ಸದ್ದು ಸ್ಪೀಕರಿನಲ್ಲಿ ಕೇಳುತ್ತಿತ್ತು, ದೂರದ ಜಿಟಿಜಿಟಿ ಮಳೆಯ ಹಾಗೆ... ಮಧ್ಯಾಹ್ನ, ಪರದೆ ಎಳೆದ ಆ ಕೋಣೆಯಲ್ಲಿ ನಾವಿಬ್ಬರೂ ಯಾವುದೋ ನೀರಿನಡಿ ಕೂತಂತಿರುತ್ತಿತ್ತು. ನಾನು "ಈಗ" ಎನ್ನುತ್ತಿದ್ದೆ. ಅವರು ಅಲುಗದ ಹೆಬ್ಬೆರಳಿಗೆ ಮನಸ್ಸು ಕೊಡುತ್ತಿದ್ದರು. ಹದಿಮೂರು ದಿನ ಏನೂ ಬರಲಿಲ್ಲ.

ಕೊನೆಯ ದಿನ ಕಾಕಾ ಕಣ್ಣು ಬಿಟ್ಟರು. "ಬಂತು ನೋಡ್ರಿ ಬಾಯಾರ! ಟಕ್ ಅಂತು."

ಸ್ಕ್ರೀನಿನಲ್ಲಿ ನನಗೇನೂ ಕಾಣಲಿಲ್ಲ. ನಾನು ಊರಿಗೆ ಹೊರಡಬೇಕಿದ್ದ ವಾಡಿ ರೈಲಿನ ಹೊತ್ತಾಗಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಅದು ಫ್ಯಾನಿಂದು ಕಾಕಾ, ಸುಮ್ನಿರ್ರಿ" ಎಂದೆ.

"ಫ್ಯಾನಿಂದು ಒಂದೇ ಸವನ ಇರ್ತದ್ರಿ. ಇದು ನಾ ಬೆರಳನ್ನ ಕರದಾಗಷ್ಟೇ ಬರ್ಲಿಕತ್ತದ. ಭಾಳ ಸಣ್ಣದದ... ಕಿವಿ ಕೊಟ್ಟು ಕೇಳ್ರಿ."

ನಾನು ಕೇಳಲಿಲ್ಲ. ಆ ದಿನದ ದಾಖಲೆಗೆ 'ಗದ್ದಲ', ಅಂದರೆ ಬರೀ ಹೊರಗಿನ ಸದ್ದು, ಎಂದು ಬರೆದು ಬ್ಯಾಗು ಹೆಗಲಿಗೇರಿಸಿದೆ. ಹಾಗೆ ಬರೆದದ್ದನ್ನು ಡಾಕ್ಟರು ತೆರೆದು ನೋಡುವುದಿಲ್ಲ. ಮರುದಿನ ತಂತಿ ತೆಗೆದರು.

ಮೊನ್ನೆ ಮೇಸ್ತ್ರಿ ಹೋದಮೇಲೆ ಆ ದಿನದ ಧ್ವನಿ ದಾಖಲೆಯಿದ್ದ ಹಳೆಯ ಹಾರ್ಡ್‌ಡಿಸ್ಕ್ ಹುಡುಕಿ ತೆಗೆದೆ. ಈ ಸಲ ನಾನೂ ಕಣ್ಣು ಮುಚ್ಚಿದೆ. ನನ್ನ ದನಿ, "ಈಗ". ಆಮೇಲೆ ಟಕ್. ಮತ್ತೆ "ಈಗ"... ಟಕ್. ಹತ್ತು ಸಲ ಹೇಳಿದ್ದೆ, ಹತ್ತು ಸಲವೂ ಬಂದಿತ್ತು. ಅಯ್ಯೋ, ನನ್ನ ಅವಸರಕ್ಕೆ ಬೆಂಕಿ ಬೀಳಲಿ!

ಹೇಳಿಬಿಡಬೇಕೆಂದು ನಿನ್ನೆ ಶಹಾಬಾದಿಗೆ ಹೋದೆ. ಕಾಕಾ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಹೆಂಡತಿ ಚಹಾ ಕೊಟ್ಟು ಎದುರಿಗೆ ಕೂತರು.

"ಕಡೀತನಕ ಅದನ್ನೇ ಅಂತಿದ್ರವ್ವಾ, ಬಂದಿತ್ತು ಬಂದಿತ್ತು ಅಂತ. ಖರೇನೇ ಬಂದಿತ್ತೇನು?"

"ಬಂದಿತ್ರಿ" ಎಂದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅದನ್ನು ಗದ್ದಲವೆಂದು ಬರೆದವಳು ನಾನೇ ಎನ್ನಲು ನನಗೆ ಬಾಯಿ ಬರಲಿಲ್ಲ.